ಸಿಮೆಂಟಿಗೆ ಬಿಳುಪು ಹಿಡಿಯುವುದಿಲ್ಲ

ಹಲ್ಲಿನ ಡಾಕ್ಟರ ಹತ್ತಿರ ಬಂದವರು ಬಾಯಿ ತೆರೆಯುವುದು ಹಲ್ಲು ತೋರಿಸುವುದಕ್ಕೆ ಎಂದು ಕಾಲೇಜಿನಲ್ಲಿ ಓದುವಾಗ ನಾನು ನಂಬಿದ್ದೆ. ಕುದ್ರೋಳಿಯಲ್ಲಿ ಕ್ಲಿನಿಕ್ ಹಾಕಿದ ಮೇಲೆ ಆ ನಂಬಿಕೆ ಹೋಯಿತು. ವಾರಕ್ಕೊಮ್ಮೆಯಾದರೂ ನಗು ತರಿಸುವ ಏನಾದರೊಂದು ನಡೆಯದೆ ಇರುವುದಿಲ್ಲ. ನಾನು ಮಾಸ್ಕಿನ ಒಳಗೆ ನಕ್ಕು ಸುಮ್ಮನಾಗುತ್ತೇನೆ. ನಮ್ಮ ಸಿಸ್ಟರಿಗೆ ಅದೂ ಬರುವುದಿಲ್ಲ, ಅವರು ನಗು ತಡೆಯಲಾರದೆ ಸೀದಾ ಸ್ಟೆರಿಲೈಸರ್ ಇಟ್ಟ ಕೋಣೆಗೆ ಓಡುತ್ತಾರೆ.

ಅರ್ಧಕ್ಕರ್ಧ ಗಲಾಟೆಗೆ ಒಂದು ಶಬ್ದವೇ ಕಾರಣ. ಹುಳುಕು ತೆಗೆದ ಜಾಗಕ್ಕೆ ಹಲ್ಲಿನದೇ ಬಣ್ಣದ ವಸ್ತುವನ್ನು ತುಂಬುತ್ತೇವಲ್ಲ, ಅದನ್ನು ನಾವು ಫಿಲ್ಲಿಂಗ್ ಎನ್ನುತ್ತೇವೆ. ಊರಿನವರು ಸಿಮೆಂಟ್ ಎನ್ನುತ್ತಾರೆ. ಅದರಲ್ಲಿ ಮನೆ ಕಟ್ಟುವ ಸಿಮೆಂಟು ಚೂರೂ ಇಲ್ಲ, ಗಾಜಿನ ನುಣ್ಣನೆಯ ಪುಡಿ ಬೆರೆಸಿದ ಒಂದು ಬಗೆಯ ಅಂಟು ಅದು. ಮೊದಮೊದಲು ನಾನು ತಿದ್ದುತ್ತಿದ್ದೆ. ಈಗ ನನ್ನ ಬಾಯಲ್ಲೂ ಸಿಮೆಂಟ್ ಎಂದೇ ಬರುತ್ತದೆ.

ಕ್ಯೂರಿಂಗ್

ಬೋಳಾರದ ಕಡೆಯ ಒಬ್ಬ ಕಂಟ್ರಾಕ್ಟರ್. ಮನೆ ಕಟ್ಟಿಸುವ ಕೆಲಸ, ದೊಡ್ಡ ಗಂಟಲು. ಬಾಗಿಲಿನಲ್ಲಿ ಮಾತಾಡಿದರೆ ಒಳಗಿನ ಟ್ರೇ ಅದುರುತ್ತದೆ. ದವಡೆ ಹಲ್ಲಿಗೆ ಸಿಮೆಂಟ್ ತುಂಬಿ, ಅದನ್ನು ಗಟ್ಟಿ ಮಾಡುವ ನೀಲಿ ದೀಪಕ್ಕಾಗಿ ಕೈ ಚಾಚಿ, "ಸಿಸ್ಟರ್, ಕ್ಯೂರಿಂಗ್ ಲೈಟ್" ಎಂದೆ. ಕುರ್ಚಿಯಲ್ಲಿ ಮಲಗಿದ್ದವರ ಕಣ್ಣು ಅರಳಿತು. ದೀಪ ಹಿಡಿದು ಮುಗಿದ ಕೂಡಲೇ ಎದ್ದು ಕೂತರು.

"ನೀವೂ ಕ್ಯೂರಿಂಗ್ ಮಾಡ್ತೀರಾ ಡಾಕ್ಟ್ರೆ?"

"ಮಾಡದಿದ್ರೆ ಗಟ್ಟಿ ಆಗುವುದಿಲ್ಲ."

"ಅದೇ ನಾನು ಹೇಳುವುದು. ನಮ್ಮ ಕೆಲಸದವರಿಗೆ ಹೇಳಿ ಹೇಳಿ ನನ್ನ ಗಂಟಲು ಹೋಯ್ತು." ಕೆಲಸ ಬಲ್ಲ ಇನ್ನೊಬ್ಬರು ಸಿಕ್ಕಿದ ಸಂತೋಷದಲ್ಲಿ ನನಗೆ ಕೈಮುಗಿದು ಹೋದರು.

ಎರಡು ದಿನ ಕಳೆದು ಅವರ ಹೆಂಡತಿಯ ಫೋನು. "ಡಾಕ್ಟ್ರೆ, ನಮ್ಮವರ ಬಾಯಿಗೆ ಎಂತ ಮಾಡಿದ್ದೀರಿ? ಮಾತೇ ಇಲ್ಲ. ಕೆನ್ನೆ ಉಬ್ಬಿಕೊಂಡು ಉಂಟು."

 ಬಾವು ಬಂತೇನೋ ಎಂದು ಹೆದರಿ, "ನೋವುಂಟಾ, ಜ್ವರ ಉಂಟಾ" ಎಂದು ಕೇಳಿದೆ.

"ಎಂತದ್ದೂ ಇಲ್ಲ. ಬಾಯಿ ತುಂಬ ನೀರು. ಉಗುಳುವುದು, ಮತ್ತೆ ತುಂಬಿಸುವುದು. ಸೈಟಿಗೂ ಬಾಟ್ಲಿ ಹಿಡ್ಕೊಂಡೇ ಹೋಗ್ತಾರೆ. ಕೇಳಿದ್ರೆ ಹೊಸ ಸ್ಲ್ಯಾಬಿನ ಕಡೆ ಕೈ ತೋರಿಸ್ತಾರೆ."

ಅಷ್ಟರಲ್ಲಿ ನನಗೆ ಹೊಳೆಯಿತು. ಕಾಂಕ್ರೀಟು ಹಾಕಿದ ಮೇಲೆ ನೀರು ಕಟ್ಟಿ ನಿಲ್ಲಿಸುತ್ತಾರಲ್ಲ, ಅವರ ಲೆಕ್ಕದಲ್ಲಿ ಕ್ಯೂರಿಂಗ್ ಎಂದರೆ ಅದು. "ಅಮ್ಮ, ಅದು ಅವತ್ತೇ ಲೈಟಿನಲ್ಲಿ ಆಗಿ ಹೋಗಿದೆ. ನೀರು ಉಗುಳಲಿಕ್ಕೆ ಹೇಳಿ" ಎಂದೆ.

 ಅವರು ದನಿ ತಗ್ಗಿಸಿ ಕೇಳಿದರು, "ಇನ್ನೂ ಒಂದು ವಾರ ನೀರು ನಿಂತರೆ ಸಿಮೆಂಟ್ ಹಾಳಾಗ್ತದಾ?"

"ಹಾಳೇನೂ ಆಗುವುದಿಲ್ಲ."

"ಹಾಗಾದ್ರೆ ನೀವು ಫೋನ್ ಎತ್ತಲೇ ಇಲ್ಲ ಅಂತ ಹೇಳ್ತೇನೆ."

ರಿಕ್ಷಾ ಪಾರ್ಕಿನ ತೀರ್ಪು

ಸಿಮೆಂಟಿಗೂ ಬಣ್ಣ ಉಂಟು. ಎಲ್ಲರ ಹಲ್ಲೂ ಒಂದೇ ಬಿಳುಪಲ್ಲ, ಹಾಗಾಗಿ ಬೇರೆ ಬೇರೆ ಬಣ್ಣದ, ಹಲ್ಲಿನ ಆಕಾರದ ತುಂಡುಗಳನ್ನು ಸಾಲಾಗಿ ಜೋಡಿಸಿದ ಒಂದು ಪಟ್ಟಿ ನಮ್ಮಲ್ಲಿರುತ್ತದೆ. ಒಂದೊಂದೇ ತುಂಡನ್ನು ಹಲ್ಲಿನ ಪಕ್ಕ ಹಿಡಿದು ಯಾವುದು ಹೊಂದುತ್ತದೆ ನೋಡಬೇಕು. ಅದನ್ನೂ ಬೇಗ ಮುಗಿಸಬೇಕು. ಬಾಯಿ ತೆರೆದೇ ಇದ್ದರೆ ಹಲ್ಲು ಒಣಗಿ, ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ.

ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕನ ಎದುರಿನ ಹಲ್ಲು ಸ್ವಲ್ಪ ಚಕ್ಕೆ ಎದ್ದಿತ್ತು. ನಾನು ಆರಿಸಿದ ತುಂಡನ್ನು ಕನ್ನಡಿಯಲ್ಲಿ ನೋಡಿ ಅವರು ತಲೆ ಅಲ್ಲಾಡಿಸಿದರು.

"ಒಳಗಿನ ಲೈಟಿನಲ್ಲಿ ನೋಡಿ ಬ್ಲೌಸ್ ಪೀಸ್ ತೆಗೆದವರು ಎಲ್ಲ ಮರುದಿನ ನನ್ನ ಹತ್ರ ಬಂದು ಅಳ್ತಾರೆ ಡಾಕ್ಟ್ರೆ. ಬಣ್ಣವನ್ನು ಬಿಸಿಲಿನಲ್ಲಿ ನೋಡಬೇಕು."

ಹೇಳಿದವರೇ ಕುತ್ತಿಗೆಗೆ ಕಟ್ಟಿದ ನೀಲಿ ಬಟ್ಟೆಯ ಸಮೇತ ಎದ್ದು, ಎರಡು ತುಂಡು ಕೈಯಲ್ಲಿ ಹಿಡಿದು ಹೊರಗೆ ನಡೆದುಬಿಟ್ಟರು. ಕ್ಲಿನಿಕ್ಕಿನ ಎದುರೇ ರಿಕ್ಷಾ ಪಾರ್ಕು. ನಾನು ಹಿಂದೆ ಓಡುವಷ್ಟರಲ್ಲಿ ಅಲ್ಲಿ ಸಭೆ ಸೇರಿತ್ತು. ಅಕ್ಕ ಹಲ್ಲು ಕಿಸಿದು ನಿಂತಿದ್ದಾರೆ, ರಿಕ್ಷಾದವರು ಬಗ್ಗಿ ನೋಡುತ್ತಿದ್ದಾರೆ.

"ಇದು ಜಾಸ್ತಿ ಬಿಳಿ ಆಯ್ತು, ಬೇಡ."

"ಆ ಇನ್ನೊಂದು ಆಗಬಹುದು. ಸ್ವಲ್ಪ ಚಾ ಕಲರ್ ಉಂಟು, ಆದ್ರೆ ಅಕ್ಕ ಹೇಗೂ ದಿನಾ ಚಾ ಕುಡಿತಾರಲ್ಲ."

ಸುಮ್ಮನೆ ಹೇಳಬಾರದು, ಎರಡನೆಯವನ ಮಾತಿನಲ್ಲಿ ಶಾಸ್ತ್ರ ಇತ್ತು. ಚಾ, ಕಾಫಿ, ಅರಸಿನ ಎಲ್ಲ ಸೇರಿ ಸಿಮೆಂಟಿನ ಅಂಚಿಗೆ ಬಣ್ಣ ಹಿಡಿಯುವುದು ನಿಜ. ಆದರೆ ಇವರ ಚರ್ಚೆ ಮುಗಿಯುವಾಗ ಅಕ್ಕನ ಹಲ್ಲು ಬಿಸಿಲಿಗೆ ಪೂರ್ತಿ ಒಣಗಿ ಸುಣ್ಣದಂತೆ ಆಗಿತ್ತು. ಒಳಗೆ ಕೂರಿಸಿ, ಬಾಯಿ ಮುಚ್ಚಿಸಿ, ಎಂಜಲಿಗೆ ಹಲ್ಲು ಮತ್ತೆ ನೆನೆಯುವವರೆಗೂ ಕಾಯಬೇಕಾಯಿತು. ಕೊನೆಗೆ ಹಾಕಿದ್ದು ನಾನು ಮೊದಲು ಆರಿಸಿದ ಬಣ್ಣವೇ. ಅದು ನನಗೂ ಸಿಸ್ಟರಿಗೂ ಮಾತ್ರ ಗೊತ್ತು, ರಿಕ್ಷಾ ಪಾರ್ಕಿನವರು ತಮ್ಮದೇ ಬಣ್ಣ ಎಂದುಕೊಂಡಿದ್ದಾರೆ.

ಮೊನ್ನೆ ಆ ಪಾರ್ಕಿನ ಹಿರಿಯ ಚಾಲಕರು ತಾವೇ ಹಲ್ಲು ತೋರಿಸಲು ಬಂದರು. ನಾನು ಬಣ್ಣದ ಪಟ್ಟಿ ತೆಗೆದೆ. ಅವರು ಕೈ ಅಡ್ಡ ಹಿಡಿದರು.

"ಅದೆಲ್ಲ ಬೇಡ ಡಾಕ್ಟ್ರೆ. ನಮ್ಮವರು ಹೊರಗೆ ಡಿಸೈಡ್ ಮಾಡಿಯೇ ಕಳಿಸಿದ್ದಾರೆ."

ಬಿಳಿ ಬಟ್ಟೆಯ ನಿಯಮ

ಹಲ್ಲು ಬಿಳಿ ಮಾಡಿಸಿಕೊಂಡವರು ಒಂದೆರಡು ದಿನ ಬಾಯಿ ಕಟ್ಟಬೇಕು, ಆಗ ಹಲ್ಲು ಬೇಗ ಬಣ್ಣ ಕುಡಿಯುತ್ತದೆ. ಏನು ತಿನ್ನಬಾರದು ಎಂದು ಒಂದೊಂದಾಗಿ ಹೇಳುತ್ತಾ ಕೂತರೆ ಮಂಗಳೂರಿನವರಿಗೆ ತಿನ್ನಲು ಗಂಜಿಯೊಂದೇ ಉಳಿಯುತ್ತದೆ. ಅದಕ್ಕೆ ನಾನು ಒಂದು ಸುಲಭದ ನಿಯಮ ಮಾಡಿಕೊಂಡಿದ್ದೆ. ಬಿಳಿ ಬಟ್ಟೆಗೆ ಬಿದ್ದರೆ ಕಲೆಯಾಗುವ ಯಾವುದನ್ನೂ ತಿನ್ನಬೇಡಿ.

ಬೈಕಂಪಾಡಿಯ ಒಂದು ಕಾರ್ಖಾನೆಯ ಸೂಪರ್‌ವೈಸರಿಗೂ ಅದನ್ನೇ ಹೇಳಿದೆ. ನಿಯಮದ ಮನುಷ್ಯ. ಕುರ್ಚಿಗೆ ಹತ್ತುವ ಮೊದಲು ಚಪ್ಪಲಿಯನ್ನು ಗೋಡೆಗೆ ನೇರವಾಗಿ ಜೋಡಿಸಿ ಇಟ್ಟವರು. ಎಲ್ಲವನ್ನೂ ಗಮನವಿಟ್ಟು ಕೇಳಿ ತಲೆ ಆಡಿಸಿದರು.

ಮರುದಿನ ಬೆಳಿಗ್ಗೆ ಹಾಜರು. ಹಲ್ಲಿಗೆಲ್ಲ ತೆಳುವಾಗಿ ಕೇಸರಿ ಬಣ್ಣ.

"ಎಂತ ತಿಂದ್ರಿ?"

"ಬಂಗುಡೆ ಪುಳಿಮುಂಚಿ. ಒಳ್ಳೆ ಕೆಂಪು ಮೀನುಸಾರು."

"ನಾನು ಹೇಳಿದ್ದೆನಲ್ಲ, ಬಿಳಿ ಬಟ್ಟೆಗೆ..."

"ನೆನಪುಂಟು ಡಾಕ್ಟ್ರೆ" ಎಂದರು ಅವರು, ಸ್ವಲ್ಪ ನೊಂದುಕೊಂಡು. "ಅದಕ್ಕೇ ಕಪ್ಪು ಬನಿಯನ್ ಹಾಕಿ ಊಟಕ್ಕೆ ಕೂತದ್ದು."

ಎದುರಿನ ಲೈನು

ಇದನ್ನು ನಾನು ಬರೆಯುವ ಹಾಗಿರಲಿಲ್ಲ. ಆದರೆ ಯಾರ ಗುಟ್ಟೋ ಅವರೇ ಈಗ ಊರಿಡೀ ನಗುತ್ತಾ ಹೇಳಿಕೊಂಡು ತಿರುಗುವುದರಿಂದ ನನಗೂ ಧೈರ್ಯ ಬಂದಿದೆ.

ನಮ್ಮ ಕ್ಲಿನಿಕ್ಕಿನಿಂದ ನಾಲ್ಕು ಬಾಗಿಲು ಆಚೆ ಖರ್ಜೂರ, ಗೋಡಂಬಿ ಮಾರುವ ಅಂಗಡಿಯ ಸಾಹೇಬರು ಇದ್ದಾರೆ. ಅವರ ಮಗ ದುಬೈಯಲ್ಲಿ ಕೆಲಸಕ್ಕಿದ್ದವನು ಮದುವೆ ಮಾತುಕತೆಗೆಂದು ರಜೆಯಲ್ಲಿ ಬಂದಿದ್ದ. ಬಂದ ವಾರವೇ ಅಪ್ಪ ಅವನನ್ನು ನನ್ನ ಹತ್ತಿರ ಎಳೆದುಕೊಂಡು ಬಂದರು. ಹುಡುಗ ಬಾಯಿ ತೆರೆದ. ಮೇಲಿನ ಸಾಲು ಬೆಳ್ಳಗೆ ಹೊಳೆಯುತ್ತಿತ್ತು, ನಡುವಿನ ಒಂದು ಹಲ್ಲಿನ ಅರ್ಧ ಭಾಗ ಮಾತ್ರ ಹಳದಿ.

ಆ ಅರ್ಧ ನನ್ನದೇ ಕೆಲಸ. ಅವನು ಕಾಲೇಜಿಗೆ ಹೋಗುವಾಗ ಫುಟ್‌ಬಾಲ್ ಆಡಿ ಮುರಿದುಕೊಂಡಿದ್ದ ಹಲ್ಲು. ಆಗಿನ ಅವನ ಹಲ್ಲಿನ ಬಣ್ಣಕ್ಕೆ ಸರಿಯಾಗಿ ಸಿಮೆಂಟ್ ಹಾಕಿದ್ದೆ. ವರ್ಷಗಟ್ಟಲೆ ಚಾ ಕುಡಿದು ಅದು ಇನ್ನಷ್ಟು ಕಳೆಗುಂದಿತ್ತು. ಈಗ ಊರಿಗೆ ಬರುವ ಮೊದಲು ಬಿಳಿ ಮಾಡುವ ಜೆಲ್ ತಂದು ಹಚ್ಚಿಕೊಂಡಿದ್ದಾನೆ. ಜೆಲ್ಲಿನಿಂದ ಹಲ್ಲು ಬಿಳಿಯಾಗುತ್ತದೆ, ಸಿಮೆಂಟ್ ಆಗುವುದಿಲ್ಲ. ಅದು ಹಾಕಿದ ದಿನದ ಬಣ್ಣಕ್ಕಿಂತ ಬಿಳಿಗೆ ಎಂದೂ ಬರುವುದಿಲ್ಲ.

"ಹುಡುಗಿಯ ಮನೆಗೆ ಹೋಗಿ ಬಂದೆವು ಡಾಕ್ಟ್ರೆ" ಎಂದರು ಸಾಹೇಬರು. "ಎಲ್ಲರಿಗೂ ಒಪ್ಪಿಗೆ. ಅಜ್ಜಿ ಒಬ್ಬರು ಕೂತಿದ್ದರು ಮೂಲೆಯಲ್ಲಿ. ಇವನು ನಕ್ಕ. ಅಲ್ಲಿಗೆ ಮುಗಿಯಿತು."

"ಎಂತ ಹೇಳಿದ್ರು?"

"ಹುಡುಗ ಗುಟ್ಕಾ ತಿಂತಾನೆ. ಬರುವ ಮೊದಲು ಹಲ್ಲು ತೊಳೆದುಕೊಂಡು ಬಂದಿದ್ದಾನೆ, ಒಂದು ತೊಳೆಯಲಿಕ್ಕೆ ಮರೆತಿದ್ದಾನೆ ಅಂತ."

ಹುಡುಗ ನೆಲ ನೋಡುತ್ತಿದ್ದ. "ನಾನು ಅಡಿಕೆಯನ್ನೂ ಮುಟ್ಟಿದವನಲ್ಲ ಡಾಕ್ಟ್ರೆ" ಎಂದ. "ನನಗೆ ಆ ಹುಡುಗಿ ಇಷ್ಟ ಆಗಿದ್ದಾಳೆ. ಅವಳಿಗೂ ಆಗಿದೆ. ಅಜ್ಜಿ ಹೂಂ ಅನ್ನದೆ ಆ ಮನೆಯಲ್ಲಿ ಚಾ ಕೂಡ ಇಡುವುದಿಲ್ಲವಂತೆ." ಅವನ ಮುಖ ನೋಡಿ ನನಗೆ ನಿಜಕ್ಕೂ ಪಾಪ ಅನ್ನಿಸಿತು.

ಅವನು ತಾನೇ ಒಂದು ಉಪಾಯ ಮಾಡಿದ್ದ. ಆ ಹಲ್ಲೂ ಬಿಳಿಯಾಗಲಿ ಎಂದು ಹುಡುಗಿಯ ಮನೆಯಿಂದ ಬಂದ ದಿನದಿಂದ ಮತ್ತಷ್ಟು ಜೆಲ್ ಹಚ್ಚುತ್ತಿದ್ದ. ಹಲ್ಲು ಬಿಳಿಯಾದಷ್ಟೂ ಸಿಮೆಂಟು ಹಳದಿಯಾಗಿ ಕಂಡಿತು, ಹಳದಿ ಕಂಡಷ್ಟೂ ಇವನು ಜೆಲ್ ಹಚ್ಚಿದ. ಸಿಸ್ಟರ್ ಸ್ಟೆರಿಲೈಸರ್ ಕೋಣೆಗೆ ಹೋದರು.

"ಹಳೆಯದನ್ನು ತೆಗೆದು ಹೊಸತು ಹಾಕಿ ಬಿಡಿ" ಎಂದರು ಅಪ್ಪ.

"ಈಗ ಆಗುವುದಿಲ್ಲ ಸಾಹೇಬ್ರೆ. ಜೆಲ್ ನಿಲ್ಲಿಸಿ ಎರಡು ವಾರ ಆಗಬೇಕು. ಬಣ್ಣ ಒಂದು ಕಡೆ ನಿಲ್ಲಬೇಕು, ಇಲ್ಲದಿದ್ದರೆ ಸಿಮೆಂಟ್ ಸರಿಯಾಗಿ ಹಿಡಿಯುವುದೂ ಇಲ್ಲ."

"ಅಜ್ಜಿಯನ್ನು ನಾಳೆಯೇ ಇಲ್ಲಿಗೆ ಕರೆಸಿದ್ದೇನೆ. ಡಾಕ್ಟರ ಬಾಯಿಂದಲೇ ಕೇಳಲಿ ಅಂತ." ಆಮೇಲೆ ಮಗನ ಕಡೆ ತಿರುಗಿದರು. "ಎಂತ ಹಲ್ಲು ಮಾರಾಯ ನಿನ್ನದು? ನನ್ನದು ನೋಡು. ದಿನವಿಡೀ ಸುಲೈಮಾನಿ ಚಾ ಕುಡಿತೇನೆ. ಒಂದು ಕಲೆ ಉಂಟಾ?"

ಕಲೆ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಸಾಹೇಬರ ಎದುರಿನ ನಾಲ್ಕೂ ಹಲ್ಲು ಪಿಂಗಾಣಿಯವು, ಪಿಂಗಾಣಿಗೆ ಚಾದ ಕಲೆ ಕೂರುವುದಿಲ್ಲ. ಮಗ ದುಬೈಗೆ ಹೋದ ಮೇಲೆ ಬಂದರಿನ ರಸ್ತೆಯಲ್ಲಿ ಮೀನಿನ ನೀರಿಗೆ ಸ್ಕೂಟರ್ ಜಾರಿ ಅವರ ಹಲ್ಲು ಹೋಗಿತ್ತು. ನಾನೇ ಕೂರಿಸಿಕೊಟ್ಟಿದ್ದೆ. ಅವರ ಹೆಂಡತಿ, ನಾನು, ಸಿಸ್ಟರ್, ಇಷ್ಟು ಜನಕ್ಕೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಕಷ್ಟ ಏನೆಂದರೆ, ಸಾಹೇಬರು ಅದನ್ನು ಸ್ವತಃ ಮರೆತುಬಿಟ್ಟಿದ್ದರು. ನಾನು ಹಳೆಯ ಸಿಮೆಂಟಿಗೆ ಸ್ವಲ್ಪ ಪಾಲಿಶ್ ಮಾಡಿದೆ. ಮೇಲಿನ ಕಲೆ ಹೋಯಿತು, ಒಳಗಿನ ಹಳದಿ ಹಾಗೇ ಉಳಿಯಿತು.

ಮರುದಿನ ಅಜ್ಜಿ ಬಂದರು. ತೆಳ್ಳಗಿನ ಗಟ್ಟಿ ಹೆಂಗಸು, ಬಾಯಿ ತುಂಬ ವೀಳ್ಯ. ಹುಡುಗನನ್ನು ಕುರ್ಚಿಯಲ್ಲಿ ಮಲಗಿಸಿ ನಾನು ಸಿಮೆಂಟಿನ ಕಥೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನೀವು ಇವರ ಬೀದಿಯ ಡಾಕ್ಟ್ರು. ಇವರ ಪರವೇ ಹೇಳುವುದಲ್ವಾ?"

"ಎಕ್ಸ್‌ರೇ ತೆಗೆದು ತೋರಿಸ್ತೇನೆ."

"ಫೋಟೋದಲ್ಲಿ ಈಗ ಎಂತ ಬೇಕಾದ್ರೂ ಮಾಡ್ತಾರೆ. ನಾನು ಮದುವೆಯಾದಾಗಿನಿಂದ ಎಲೆ ಅಡಿಕೆ ತಿನ್ನುವವಳು. ಕಲೆ ಎಂತದ್ದು ಅಂತ ನನಗೆ ಕಲಿಸಬೇಡಿ. ಇದು ಹಲ್ಲೋ ಸಿಮೆಂಟೋ ಅಂತ ನನ್ನ ಕಣ್ಣಿಗೆ ಕಾಣಬೇಕು."

ಆಗ ನಾನು ಹಿಂದೆ ಮುಂದೆ ಯೋಚಿಸದೆ ಹೇಳಿಬಿಟ್ಟೆ. "ಒಂದು ನೇರಳೆ ಲೈಟು ಬರ್ತದೆ ಅಜ್ಜಿ. ಅದರಲ್ಲಿ ನಿಜವಾದ ಹಲ್ಲು ಹೊಳೆಯುತ್ತದೆ. ಈ ಹಳೆಯ ಸಿಮೆಂಟ್ ಕಪ್ಪಾಗಿ ಕಾಣ್ತದೆ. ನನ್ನ ಹತ್ರ ಅದು ಸದ್ಯಕ್ಕೆ..."

"ನನ್ನ ಹತ್ರ ಉಂಟು" ಎಂದು ಸಾಹೇಬರು ಎದ್ದು ನಿಂತರು. "ನೋಟು ಅಸಲಿಯೋ ನಕಲಿಯೋ ನೋಡುವ ಲೈಟು. ಕೌಂಟರಿನಲ್ಲಿ ಉಂಟು. ಅದೇ ಅಲ್ವಾ?"

ಅದೇ. ಹಾಗೆ ಕೇಳಿದ ಮೇಲೆ ನನಗೆ ಸಾಹೇಬರ ನಾಲ್ಕು ಪಿಂಗಾಣಿ ಹಲ್ಲಿನ ನೆನಪಾಯಿತು, ಅವೂ ಆ ಲೈಟಿಗೆ ಹೊಳೆಯುವುದಿಲ್ಲ. ಬೇಡ ಸಾಹೇಬ್ರೆ, ಎಕ್ಸ್‌ರೇಯೇ ಸಾಕು ಎಂದೆ. ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತು, ಬಿಸಿಲು ಜೋರುಂಟು, ಆಮೇಲೆ ಹೋಗಿ ಎಂದರು. ಅಜ್ಜಿಯ ಎದುರು ಗುಟ್ಟು ಬಿಟ್ಟುಕೊಡುವ ಹಾಗಿಲ್ಲ. ಕಣ್ಣು ಮಿಟುಕಿಸಿದೆ. ಸಾಹೇಬರು, "ಡಾಕ್ಟ್ರೆ, ನಿಮ್ಮ ಕಣ್ಣಿಗೆ ಎಂತದೋ ಬಿದ್ದಿದೆ, ತೊಳ್ಕೊಳ್ಳಿ" ಎಂದು ಹೇಳಿ ಅಂಗಡಿಗೆ ಹೋಗಿ ಲೈಟು ಹಿಡಿದುಕೊಂಡು ಬಂದೇ ಬಂದರು.

ಪರದೆ ಎಳೆದು ದೀಪ ಆರಿಸಿದೆವು. ಅಜ್ಜಿ ಲೈಟನ್ನು ಯಾರಿಗೂ ಕೊಡಲಿಲ್ಲ, ತಾವೇ ಹಿಡಿದರು. ಹುಡುಗ ಬಾಯಿ ತೆರೆದ. ಕತ್ತಲಲ್ಲಿ ಅವನ ಹಲ್ಲಿನ ಸಾಲು ಟ್ಯೂಬ್‌ಲೈಟಿನ ಹಾಗೆ ಬೆಳಗಿತು. ನಡುವಿನ ಹಲ್ಲಿನಲ್ಲಿ ಮಾತ್ರ ಒಂದು ಕಪ್ಪು ತುಂಡು, ಅಂಚು ಕತ್ತರಿಸಿಟ್ಟ ಹಾಗೆ ನೇರ.

"ಗುಟ್ಕಾದ ಕಲೆ ಆದರೆ ಹೀಗೆ ಗೆರೆ ಎಳೆದ ಹಾಗೆ ಒಂದೇ ಹಲ್ಲಿನಲ್ಲಿ ನಿಲ್ಲುವುದಿಲ್ಲ ಅಜ್ಜಿ" ಎಂದೆ.

ಅಜ್ಜಿ ಲೈಟನ್ನು ಹತ್ತಿರ ತಂದು, ದೂರ ಹಿಡಿದು, ಓರೆ ಮಾಡಿ ನೋಡಿದರು. ಹುಡುಗ ಉಸಿರು ಹಿಡಿದು ಮಲಗಿದ್ದ. ಕೊನೆಗೆ, "ತೇಪೆಯೇ" ಎಂದರು. "ಹುಡುಗ ಅಸಲಿ."

ಸಾಹೇಬರಿಗೆ ಸಂತೋಷ ತಡೆಯಲಾಗಲಿಲ್ಲ. "ನಾನು ಹೇಳಿದೆನಲ್ಲ" ಎಂದು ಬಾಯಿ ತುಂಬ ನಕ್ಕರು. ನಗು ಬಂದ ಕಡೆಗೆ ಅಜ್ಜಿ ತಿರುಗಿದರು. ಅವರ ಕೈಯಲ್ಲಿದ್ದ ಲೈಟೂ ತಿರುಗಿತು.

ಎರಡೂ ಬದಿಗೆ ಹಲ್ಲು ಹೊಳೆಯಿತು. ನಡುವೆ ನಾಲ್ಕು ಹಲ್ಲಿನಷ್ಟು ಅಗಲಕ್ಕೆ ಕತ್ತಲೆ.

 ಸಾಹೇಬರಿಗೆ ಆಗ ಬಂದರಿನ ರಸ್ತೆ ನೆನಪಾಗಿರಬೇಕು, ಬಾಯಿ ಟಪ್ಪೆಂದು ಮುಚ್ಚಿದರು. ಮಗ ಕುರ್ಚಿಯಿಂದ ಅರ್ಧ ಎದ್ದು ಅಪ್ಪನನ್ನು ನೋಡಿ, "ಉಪ್ಪ, ನಿಮ್ಮ ಹಲ್ಲು?" ಎಂದ. ಈ ಸಲ ಕೋಣೆಗೆ ಓಡಲು ಕತ್ತಲಲ್ಲಿ ಸಿಸ್ಟರಿಗೆ ದಾರಿ ಸಿಗಲಿಲ್ಲ. ನಿಂತಲ್ಲೇ ಕೆಮ್ಮಿದರು.

ನನಗೆ ಇದ್ದ ಹೆದರಿಕೆ ಒಂದೇ. ಇಷ್ಟು ಹೊತ್ತು ಹೆಣಗಾಡಿ ಉಳಿಸಿದ ಸಂಬಂಧ ಈಗ ಅಪ್ಪನ ಹಲ್ಲಿನಿಂದ ಹೋಗುತ್ತದೋ ಏನೋ. ದೀಪ ಹಾಕಿದೆ. ಅಜ್ಜಿ ಲೈಟು ಆರಿಸಿ ಸಾಹೇಬರ ಕೈಗೆ ಕೊಟ್ಟರು, ವೀಳ್ಯವನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದರು.

"ನಮ್ಮ ಹುಡುಗಿ ಮದುವೆ ಆಗುವುದು ಮಗನನ್ನಲ್ವಾ. ಆಗಲಿ."

ಎರಡು ವಾರ ಕಳೆದು ಹುಡುಗನ ಹಲ್ಲಿಗೆ ಹೊಸ ಸಿಮೆಂಟ್ ಹಾಕಿದೆ. ಎಷ್ಟು ಸರಿಯಾಗಿ ಹೊಂದಿತೆಂದರೆ ಸ್ವತಃ ನನಗೇ ಗೆರೆ ಕಾಣಲಿಲ್ಲ. ರಿಕ್ಷಾ ಪಾರ್ಕಿನವರೂ ಒಪ್ಪಿದರು.

ಮದುವೆಗೆ ನಾನೂ ಸಿಸ್ಟರೂ ಹೋಗಿದ್ದೆವು. ಮದುವೆ ಹಾಲ್‌ನಲ್ಲಿ ಅಲಂಕಾರಕ್ಕೆಂದು ಸ್ಟೇಜಿನ ಸುತ್ತ ನೇರಳೆ ಲೈಟು ಹಾಕಿದ್ದರು. ಈಗಿನ ಸಿಮೆಂಟ್ ಆ ಲೈಟಿನಲ್ಲೂ ಹಲ್ಲಿನ ಹಾಗೆಯೇ ಹೊಳೆಯುತ್ತದೆ, ಮದುಮಗ ಬಾಯಿ ತುಂಬ ನಗುತ್ತಿದ್ದ. ಪಕ್ಕದಲ್ಲಿ ಸಾಹೇಬರು ತುಟಿ ಬಿಗಿ ಹಿಡಿದು ನಿಂತಿದ್ದರು. ಬಂದವರಿಗೆಲ್ಲ ಎದೆಗೆ ಕೈ ಇಟ್ಟು ತಲೆಬಾಗಿದರೇ ಹೊರತು ಒಂದು ನಗು ಇಲ್ಲ, ಮಾತಿಲ್ಲ.

ಬಿರಿಯಾನಿಗೆ ಕೂತಾಗ ನಮ್ಮ ಮೇಜಿನಲ್ಲಿದ್ದ ಒಬ್ಬ ಹೆಂಗಸು ಅಜ್ಜಿಯ ಕಡೆ ಬಗ್ಗಿ ಕೇಳಿದರು. "ಹುಡುಗನ ಅಪ್ಪನಿಗೆ ಎಂತ ಬೇಜಾರು? ಮಗನ ಮದುವೆಯಲ್ಲಿ ಒಮ್ಮೆಯೂ ನಗಲಿಲ್ಲ."

ಅಜ್ಜಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬೇಜಾರು ಎಂತದ್ದೂ ಇಲ್ಲ. ಅವರಿಗೆ ಎದುರಿನ ಲೈನಿನಲ್ಲಿ ಕರೆಂಟಿಲ್ಲ."